ಮಾತು ಕೊಡದಿದ್ದರೆ

ದೊಡ್ಡಪ್ಪ "ಇದೆಲ್ಲ ನಿಂದೇ ಕಣೆ" ಎನ್ನುತ್ತಿದ್ದದ್ದು ಸಾಮಾನ್ಯವಾಗಿ ನನ್ನ ಕೈಗೆ ಸಗಣಿ ಬುಟ್ಟಿ ಕೊಡುವಾಗ. ಹೊಲ, ಕೊಟ್ಟಿಗೆ, ಹನ್ನೊಂದು ಹಸು, ಎಲ್ಲ ನನ್ನದು. ಸದ್ಯಕ್ಕೆ ಸಗಣಿ ಮಾತ್ರ. ನಾನೂ ನಗುತ್ತಿದ್ದೆ. ದೊಡ್ಡಮ್ಮ ತೀರಿಕೊಂಡಾಗ ನನಗೆ ಹತ್ತೊಂಬತ್ತು. ನಾಲ್ಕು ದಿನ ಬೇಯಿಸಿ ಹಾಕಿ ಹೋಗೋಣ ಎಂದು ಬಂದವಳು ಇಪ್ಪತ್ತಾರು ವರ್ಷ ಉಳಿದುಬಿಟ್ಟೆ. ನಡುವೆ ಬಂದ ಎರಡು ಸಂಬಂಧಗಳನ್ನು ನಾನೇ ಬೇಡ ಅಂದೆ.

ದೊಡ್ಡಪ್ಪ ಹೋದ ಮೇಲೆ ನೋಡಿದರೆ ಉಯಿಲು ಹಾಗಿರಲಿ, ಒಂದು ಚೀಟಿಯೂ ಇಲ್ಲ. ಬೀರು, ಹಾಸಿಗೆಯ ಅಡಿ, ಹಿಂಡಿ ಚೀಲ, ಎಲ್ಲ ಜಾಲಾಡಿದೆ. ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ಅವರ ಮಗ, ನನಗೆ ಅಣ್ಣ, ಬಂದು ಹೊಲ ಅಳೆಸಿದ.

"ನೀನೆಲ್ಲೂ ಹೋಗ್ಬೇಡ ಕಣೆ. ಕೊಂಡ್ಕೊಳ್ಳೋರಿಗೆ ಹೇಳ್ತೀನಿ, ಕೆಲಸಕ್ಕೆ ನಿನ್ನೇ ಇಟ್ಕೊಳ್ಲಿ," ಅಂದ.

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅದಕ್ಕೇ ಮೈಯೆಲ್ಲ ಉರಿಯಿತು. ಆ ವಾರವೇ ಕೇಸು ಹಾಕಿದೆ.

ನನ್ನ ವಕೀಲರು ಸಾಕ್ಷಿ ಎಲ್ಲಿ ಅಂದರು. ದೊಡ್ಡಪ್ಪ ಆ ಮಾತು ಹೇಳುವಾಗ ಹಸುಗಳನ್ನು ಬಿಟ್ಟರೆ ಹತ್ತಿರವಿದ್ದದ್ದು ದನದ ಡಾಕ್ಟರೊಬ್ಬರೇ. ಅದೂ ಒಂದೇ ಸಲ, ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿದ್ದ ದಿನ. ಅವರ ಮನೆಗೆ ಹೋದೆ. ಡಾಕ್ಟರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಹೇಳಿದ್ದು ನಿಜ ಕಣಮ್ಮ. ಆದ್ರೆ ಕೋರ್ಟಿಗೆ ಬಂದ್ರೆ ನಾನು ಪೂರ್ತಿ ಹೇಳ್ಬೇಕಾಗುತ್ತೆ. ನೀನು ಬಿಸಿನೀರು ತರೋಕೆ ಒಳಗೆ ಹೋದೆ ನೋಡು, ಆಗ ನನ್ನ ಕಡೆ ತಿರುಗಿ, 'ಹೀಗೆ ಹೇಳ್ತಾ ಇರ್ಬೇಕು ಡಾಕ್ಟ್ರೇ, ಇಲ್ದಿದ್ರೆ ಇವಳು ಬಿಟ್ಟು ಹೋಗ್ತಾಳೆ' ಅಂದ್ರು."

ಹಗ್ಗ ಹಾಕಿ ಕಟ್ಟಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕಟ್ಟದಿದ್ದರೂ ಇರುತ್ತಿದ್ದೆನಲ್ಲ! ಊಟಕ್ಕೆ ಎದುರುಬದುರು ಕೂತು, ಹೆಚ್ಚು ಮಾತಿಲ್ಲದೆ ತಿಂದು, ತಟ್ಟೆ ಎತ್ತುವಾಗ ಅವರು "ಹೊಟ್ಟೆ ತುಂಬಿತೇನೆ?" ಎಂದು ಕೇಳುತ್ತಿದ್ದರು. ಅಷ್ಟಕ್ಕೇ ಇದ್ದವಳು ನಾನು. ಬೇರೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ವಿಷಯ ತಿಳಿದು ವಕೀಲರು ಕುರ್ಚಿಯಿಂದ ಎದ್ದೇಬಿಟ್ಟರು. "ನಮಗೆ ಇದೇ ಬೇಕಾಗಿತ್ತು! ಆಸೆ ತೋರಿಸಿ ಉಳಿಸ್ಕೊಂಡ್ರು ಅಂತಾಯ್ತಲ್ಲ. ಅದನ್ನ ನಂಬಿಯೇ ನೀವು ಉಳಿದ್ರಿ ಅಂತಾದ್ರೆ ಹೊಲ ಕೇಳ್ಬಹುದು. ಒಂದು ಮಾತ್ರ ನೆನಪಿಡಿ. ದೊಡ್ಡಪ್ಪ ಮಾತು ಕೊಡ್ದಿದ್ರೆ ನೀವು ಹೋಗ್ತಿದ್ರಾ ಅಂತ ಆ ಕಡೆ ವಕೀಲ್ರು ಕೇಳೇ ಕೇಳ್ತಾರೆ. ಇರ್ತಿದ್ದೆ ಅಂದ್ರೋ, ಹೊಲದ ಆಸೆ ಬಿಟ್ಬಿಡಿ."

ಕೋರ್ಟಿನಲ್ಲಿ ಅವರು ಕೇಳಿಯೇ ಕೇಳಿದರು. ಅಣ್ಣ ಎರಡನೇ ಬೆಂಚಿನಲ್ಲಿದ್ದ. ಅವನ ಹುಬ್ಬು ಥೇಟ್ ದೊಡ್ಡಪ್ಪನದೇ. ಆ ಕಡೆ ನೋಡಬಾರದಿತ್ತು, ನೋಡಿದೆ.

"ಮಾತು ಕೊಡ್ದೇ ಇದ್ದಿದ್ರೆ ಆ ಮನೆ ಬಿಟ್ಟು ಹೋಗ್ತಿದ್ರಾ?"

"ಹೋಗ್ತಿದ್ದೆ," ಅಂದೆ. ಸಾಲದು ಅನ್ನಿಸಿ, "ಮಾರನೇ ದಿನಾನೇ ಹೋಗ್ತಿದ್ದೆ," ಎಂದು ಸೇರಿಸಿದೆ.

ಟೈಪ್ ಮಾಡುವವಳು ಅದನ್ನೂ ಟಕಟಕ ಹೊಡೆದುಕೊಂಡಳು. ಅಣ್ಣ ತಲೆ ತಗ್ಗಿಸಿ, "ಪಾಪ ಅಪ್ಪ," ಅಂದದ್ದು ನನ್ನವರೆಗೂ ಕೇಳಿಸಿತು.

ಕೇಸು ಗೆದ್ದೆ. ಹೊಲ ನನ್ನ ಹೆಸರಿಗಾಗಿ ಎಂಟು ತಿಂಗಳಾಯಿತು. ನಾನೆಲ್ಲಿ ಬಿಟ್ಟು ಹೋಗುತ್ತೇನೋ ಎಂದು ದೊಡ್ಡಪ್ಪ ಇಪ್ಪತ್ತಾರು ವರ್ಷ ಹೆದರಿಕೊಂಡೇ ಇದ್ದರು. ಅವರು ಹೆದರಿದ್ದು ಸರಿಯೇ ಎಂದು ಊರೆದುರು ಹೇಳಿ, ಕೆಳಗೆ ಸಹಿ ಹಾಕಿ ಬಂದವಳು ನಾನು.