ಕಚ್ಚಿದವರ ಹೆಸರು

“ನಾವೇನು ಸರ್ಟಿಫಿಕೇಟ್ ಇಟ್ಕೊಂಡು ಮಕ್ಕಳನ್ನ ಹೆತ್ವಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?” ಎಂದರು ನಮ್ಮತ್ತೆ, ನಾನು ಮೊದಲ ದಿನ ಕ್ಲಾಸಿಗೆ ಹೊರಟಾಗ.

“ಮರ ಬಗ್ಗದಿದ್ರೆ ಬೇಡ ಅತ್ತೆ, ಬಸ್ಸು ಹತ್ತಿದ್ರೆ ಸಾಕು,” ಎಂದು ಬ್ಯಾಗನ್ನು ಹೆಗಲಿಗೇರಿಸಿಕೊಂಡೆ.

ನಾನು ಕೆಲಸ ಮಾಡುವುದು ಒಂದು ಡೇ ಕೇರಿನಲ್ಲಿ, ಎರಡು ವರ್ಷದವರ ಕೋಣೆಯಲ್ಲಿ. ಮೂಗು ಒರೆಸುವುದು, ಬಿದ್ದವರನ್ನು ಎತ್ತುವುದು, ಒಂದೇ ಆಟದ ಬಸ್ಸಿಗಾಗಿ ನಡೆಯುವ ಮಹಾಯುದ್ಧಗಳನ್ನು ನಿಲ್ಲಿಸುವುದು ನನ್ನ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದ ಮೇಲೆ ಹೊಸ ನಿಯಮ ಬಂತು. ಮಕ್ಕಳ ಮತ್ತು ಯುವಜನರ ಸೇವೆಯಲ್ಲಿ ಡಿಪ್ಲೊಮಾ ಇಲ್ಲದವರು ಮಕ್ಕಳ ಕೋಣೆಯಲ್ಲಿ ಇರುವಂತಿಲ್ಲ, ಹಿಂದುಗಡೆ ಬಟ್ಟೆ ಒಗೆಯುವ ಕೋಣೆಗೆ ಹೋಗಬೇಕು. ನನಗೆ ಬಟ್ಟೆಗಳ ಮೇಲೆ ದ್ವೇಷವಿಲ್ಲ. ಆದರೆ ಅವು ಬೆಳಿಗ್ಗೆ ಓಡಿ ಬಂದು ಕಾಲು ತಬ್ಬುವುದಿಲ್ಲ. ಓದು ಮುಗಿಯುವವರೆಗೆ ಕೋಣೆಯಲ್ಲೇ ಇರಬಹುದು ಎಂದರು, ಹಾಗಾಗಿ ಸಂಜೆ ಕ್ಲಾಸಿಗೆ ಸೇರಿದೆ.

ಕ್ಲಾಸು ಊರಿನ ಆ ತುದಿಯಲ್ಲಿ, ಎರಡು ಬಸ್ಸು ಬದಲಿಸಬೇಕು. ಐದಕ್ಕೆ ಸರಿಯಾಗಿ ಹಾಜರಿ. ತಡವಾದರೆ ಆ ದಿನದ ಹಾಜರಿ ಹೋಯಿತು, ಹಾಜರಿ ಕಮ್ಮಿಯಾದರೆ ವರ್ಷವೇ ಹೋಯಿತು. ನಮ್ಮ ಡೇ ಕೇರಿನ ಮೇಡಂ ಕ್ಲಾಸಿದ್ದ ದಿನ ನಾಲ್ಕಕ್ಕೆ ಹೊರಡಲು ಒಪ್ಪಿದ್ದರು. ಕ್ಲಾಸಿನಲ್ಲಿ ಎಲ್ಲರೂ ನನ್ನ ಮಗಳ ವಯಸ್ಸಿನವರು. ಅವರ ಮಧ್ಯೆ ಕುಳಿತು, ನನ್ನ ಪೂರ್ತಿ ಹೆಸರು ಕರೆದಾಗ “ಹಾಜರ್” ಎನ್ನುವುದು ನನಗೆ ಬಹಳ ಇಷ್ಟ. ಯಾಕೆಂದರೆ ಮದುವೆಯಾಗುವವರೆಗೆ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ನನ್ನನ್ನು ಕರೆಯುತ್ತಿದ್ದದ್ದು ಕಚ್ಚಮ್ಮ ಎಂದು.

ಎರಡು ವರ್ಷದವಳಿದ್ದಾಗ ಪಕ್ಕದ ಮನೆಯ ಮಗುವಿನ ಕೈ ಕಚ್ಚಿದ್ದೆನಂತೆ. ನನಗೆ ನೆನಪಿಲ್ಲ, ಬೀದಿಗೆ ನೆನಪಿತ್ತು. ಶಾಲೆಗೆ ಹೋದರೆ ಹೆಸರು ನನಗಿಂತ ಮೊದಲೇ ಹೋಗಿ ಬೆಂಚಿನಲ್ಲಿ ಕೂತಿರುತ್ತಿತ್ತು. ಜಗಳವಾದರೆ ತಪ್ಪು ನನ್ನದೇ, ಹುಟ್ಟುಗುಣ ಸುಟ್ಟರೂ ಹೋಗಲ್ಲ ಎನ್ನುತ್ತಿದ್ದರು. ನನ್ನ ಮದುವೆಯ ದಿನ ಸೋದರತ್ತೆಯೊಬ್ಬಳು ಗಂಡಿಗೆ “ಕೈ ಜೋಪಾನ ಕಣಪ್ಪಾ” ಎಂದು ಎಲ್ಲರನ್ನೂ ನಗಿಸಿದ್ದಳು. ಆ ನಗು ನೆನೆದರೆ ನನಗೆ ಈಗಲೂ ಉರಿಯುತ್ತದೆ.

ಹಾಗಾಗಿ ಕ್ಲಾಸಿನಲ್ಲಿ ಕಚ್ಚುವ ಪಾಠ ಬಂದಾಗ ನಾನು ಪೆನ್ನು ಕೆಳಗಿಟ್ಟು ಬರೀ ಕೇಳಿದೆ. “ಮಾತು ಬಾರದ ವಯಸ್ಸಲ್ಲಿ ಹಲ್ಲೇ ಮಾತು,” ಎಂದರು ನಮ್ಮ ಟೀಚರು. “ಕಚ್ಚಿಸಿಕೊಂಡ ಮಗುವಿನ ಮನೆಯವರಿಗೆ ಏನಾಯ್ತು, ನಾವೇನು ಮಾಡಿದ್ವಿ ಅಂತ ಎಲ್ಲಾ ಹೇಳಿ. ಕಚ್ಚಿದ ಮಗುವಿನ ಮನೆಯವರನ್ನ ಒಳಗೆ ಕರೆದು ಮೆಲ್ಲಗೆ ಹೇಳಿ. ಆದರೆ ಕಚ್ಚಿದವರ ಹೆಸರು ಮಾತ್ರ ಬೇರೆ ಯಾರಿಗೂ ಹೇಳಬೇಡಿ. ಹಲ್ಲಿನ ಗುರುತು ಸಂಜೆಗೆ ಮಾಯುತ್ತೆ, ಹೆಸರು ಮಾಯಲ್ಲ.”

ಅದನ್ನು ನನಗೆ ಹೇಳಬೇಕೇ?

ಅದಾದ ಸ್ವಲ್ಪ ದಿನಕ್ಕೆ ನಮ್ಮ ಕೋಣೆಯಲ್ಲಿ ಗುಂಗುರು ಕೂದಲಿನ ಪುಟ್ಟಿಯ ತೋಳನ್ನು ಒಂದು ಮಗು ಕಚ್ಚಿತು. ಯಾವ ಮಗು ಎಂದು ನಿಮಗೂ ಹೇಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಪುಟ್ಟಿಯ ಅಪ್ಪ ನಮ್ಮ ಡೇ ಕೇರ್ ನಡೆಸುವ ಸಮಿತಿಯ ಅಧ್ಯಕ್ಷರು. ಮಗಳ ತೋಳಿನ ಮೇಲಿನ ಕೆಂಪು ಬಳೆಯಂಥ ಗುರುತು ನೋಡಿ ಅವರ ಮುಖವೂ ಕೆಂಪಾಯಿತು. ತಪ್ಪೇನಿಲ್ಲ, ಹೆತ್ತ ಕರುಳು.

“ಯಾರು ಕಚ್ಚಿದ್ದು?”

“ಬಸ್ಸಿನ ಆಟದ ಸಾಮಾನಿಗೆ ಜಗಳ ಆಯ್ತು ಸಾರ್. ನಾನು ಪಕ್ಕದಲ್ಲೇ ಇದ್ದೆ, ಆದರೂ ತಡೆಯೋಷ್ಟರಲ್ಲಿ ಆಗೋಯ್ತು. ತೊಳೆದು ತಣ್ಣೀರ ಬಟ್ಟೆ ಇಟ್ಟೆ. ಚರ್ಮ ಕಿತ್ತಿಲ್ಲ. ಎತ್ಕೊಂಡು ಕೂತಿದ್ದೆ, ಆಮೇಲೆ ಆಟ ಆಡಿದ್ಲು.”

“ನಾನು ಕೇಳಿದ್ದು ಹೆಸರು. ಅಂಥ ಮಗು ಇಲ್ಲಿರಬಾರದು, ನಾಳೆನೇ ಕಳಿಸ್ಬೇಕು.”

“ಹೆಸರು ಹೇಳಲ್ಲ ಸಾರ್.”

ಮೇಡಂ ನನ್ನನ್ನು ಆಫೀಸಿಗೆ ಕರೆದು ಬಾಗಿಲು ಹಾಕಿದರು. ಅವರೇನೂ ಕೆಟ್ಟವರಲ್ಲ, ಕುರ್ಚಿಗೆ ಅಂಟಿಕೊಂಡವರು, ಅಷ್ಟೆ. ಆ ಹೊತ್ತು ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ, ನಾನು ಬಾಯಿ ಬಿಡದೆ ಅವರಿಗೂ ಹೆಸರು ಗೊತ್ತಾಗುವಂತಿರಲಿಲ್ಲ. “ನಾಳೆ ಅವರು ಬಂದಾಗ ಹೇಳ್ಬಿಡು. ಇಲ್ಲಾಂದ್ರೆ ನಾಲ್ಕಕ್ಕೆ ಹೋಗೋದು ಬಂದ್, ಐದೂವರೆ ತನಕ ಇರ್ಬೇಕು. ಆಮೇಲೆ ನಿನ್ನ ಡಿಪ್ಲೊಮಾ ನಿನ್ನ ಪಾಡು,” ಎಂದರು. ಎಂದರೆ ಹಾಜರಿ ಇಲ್ಲ, ವರ್ಷವಿಲ್ಲ, ಕೋಣೆಯೂ ಇಲ್ಲ. ಒಂದು ಹೆಸರು ಹೇಳಿದರೆ ಮೂರೂ ಉಳಿಯುತ್ತಿದ್ದವು.

ಮನೆಗೆ ಬಂದು ಹೇಳಿದಾಗ ಅತ್ತೆ ತರಕಾರಿ ಹೆಚ್ಚುತ್ತಿದ್ದರು.

“ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ? ಯಾರ ಮಗುವೋ ಏನೋ. ಊರ ಉಸಾಬರಿ ನಿನಗ್ಯಾಕೆ?”

“ನನ್ನ ಹೆಸರನ್ನೂ ಯಾರೋ ಹೀಗೇ ಹೇಳಿದ್ರು ಅತ್ತೆ. ಅವರ ಗಂಟೂ ಏನೂ ಹೋಗ್ಲಿಲ್ಲ. ನಾನು ಮಾತ್ರ ಕಚ್ಚಮ್ಮ ಆದೆ. ಸಿಟ್ಟು ಬಂದ್ರೆ ನೀವೂ ಹಾಗೇ ಕರೀತೀರಿ.”

ಚಾಕು ನಿಂತಿತು.

“ನನ್ನನ್ನ ಗೊಣ್ಣೆ ಅಂತಿದ್ರು,” ಎಂದರು ಅತ್ತೆ. “ನಾಲ್ಕು ಮಕ್ಕಳ ತಾಯಿ ಆಗಿ ತವರಿಗೆ ಹೋದ್ರೂ, ಗೊಣ್ಣೆ ಬಂದ್ಲು ಅಂತಿದ್ರು ಕಣೇ.” ಮತ್ತೆ ಹೆಚ್ಚತೊಡಗಿದರು, ಈ ಸಲ ಸ್ವಲ್ಪ ಜೋರಾಗಿ. “ಹೇಳ್ಬೇಡ. ಅದೇನು ಮಾಡ್ತಾರೋ ಮಾಡ್ಲಿ.”

ನಾನು ಹೇಳಲಿಲ್ಲ. ಮೇಡಂ ತಾವು ಹೇಳಿದಂತೆಯೇ ಮಾಡಿದರು. ಐದೂವರೆಗೆ ಏಪ್ರನ್ ಬಿಚ್ಚಿ, ಬಸ್ಸಿನ ಹಿಂದೆ ಓಡಿ, ಕ್ಲಾಸು ಅರ್ಧ ಮುಗಿದ ಮೇಲೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. “ಹಾಜರಿ ಕೊಡೋಕಾಗಲ್ಲ, ಗೊತ್ತಲ್ಲ?” ಎಂದರು ಟೀಚರು, ಪಾಪ, ಅವರ ಕೈಯೂ ಕಟ್ಟಿತ್ತು. “ಹಾಜರಿ ಬೇಡ, ಪಾಠ ಕೊಡಿ,” ಎಂದೆ. ಹಾಜರಿ ಬೇಡ ಎಂದದ್ದು ಬರೀ ಜಂಭ. ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬರುತ್ತಿತ್ತು. ಬೆಳಿಗ್ಗೆ ಮಕ್ಕಳ ಕೋಣೆಗೆ ಕಾಲಿಡುವಾಗ ಮಾತ್ರ ತಲೆ ಎತ್ತಿಯೇ ಇಡುತ್ತಿದ್ದೆ. ತಪ್ಪು ಮಾಡಿದವರು ಬಗ್ಗಲಿ, ನಾನ್ಯಾಕೆ ಬಗ್ಗಲಿ?

ಇನ್ನು ಒಂದೇ ಒಂದು ಹಾಜರಿ ತಪ್ಪಿದರೂ ವರ್ಷ ಹೋಗುವ ಹಂತಕ್ಕೆ ಬಂದಿದ್ದೆ. ಅವತ್ತೇ ನಮ್ಮ ಕೋಣೆಯಲ್ಲಿ ಮತ್ತೆ ಹಲ್ಲು ಮಾತಾಡಿತು. ಕಚ್ಚಿಸಿಕೊಂಡವನು ಬಸ್ ಕಂಡಕ್ಟರ್ ಒಬ್ಬಳ ಮಗ. ಕಚ್ಚಿದ್ದು ಯಾರೆಂದು ಈ ಸಲವೂ ಹೇಳುವುದಿಲ್ಲ. ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ಒಬ್ಬರನ್ನು ಒಳಗೆ ಕರೆದು ಮೆಲ್ಲಗೆ ಒಂದು ಮಾತು ಹೇಳಿದೆ, ಪಾಠದಲ್ಲಿ ಇದ್ದಂತೆ.

ಸ್ವಲ್ಪದರಲ್ಲೇ ಕಂಡಕ್ಟರ್ ಬಂದಳು. ಅವಳ ದನಿ ಕೊನೆಯ ಸೀಟಿಗೂ ಮುಟ್ಟುವಂಥದ್ದು. “ಯಾರ್ರೀ ಕಚ್ಚಿದ್ದು ನನ್ನ ಮಗೂನ? ಹೆಸರು ಹೇಳಿ!”

ಏನಾಯಿತೆಂದು ಎಲ್ಲ ಹೇಳಿದೆ. “ಹೆಸರು ಮಾತ್ರ ಹೇಳಲ್ಲಮ್ಮ,” ಎಂದೆ.

“ಹೇಳಲ್ಲ ಅಂದ್ರೆ? ಇಲ್ಲೇ ಇದ್ದಾರಲ್ಲ ಅಧ್ಯಕ್ಷರು! ಸಾರ್, ನೀವಾದ್ರೂ ಹೇಳಿಸಿ ಸಾರ್.”

ಬಾಗಿಲ ಬಳಿ ಮಂಡಿಯೂರಿ ಮಗಳಿಗೆ ಶೂ ಹಾಕುತ್ತಿದ್ದ ಅಧ್ಯಕ್ಷರು ಎಡದ ಶೂವನ್ನು ಬಲಗಾಲಿಗೆ ತೂರಿಸುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಅದಕ್ಕೆ ನಾನೇನು ಮಾಡಲಿ, ನಾನಂತೂ ಯಾರ ಹೆಸರನ್ನೂ ಹೇಳಿಲ್ಲ. ಪುಟ್ಟಿ ಅವರ ಭುಜದ ಹಿಂದೆ ಮುಖ ಮುಚ್ಚಿಕೊಂಡಿದ್ದಳು.

ಅವರು ನನ್ನತ್ತ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.

“ಇಲ್ಲಿ…” ಎಂದು ಗಂಟಲು ಸರಿಮಾಡಿಕೊಂಡರು. “ಇಲ್ಲಿ ಹೆಸರು ಹೇಳೋ ಪದ್ಧತಿ ಇಲ್ಲಮ್ಮ. ಚಿಕ್ಕ ಮಕ್ಕಳು. ಹೆಸರು ಹೇಳದೆ ಇವರು ಮಾಡಿದ್ದೇ ಸರಿ.”

ಕಂಡಕ್ಟರ್ ಗೊಣಗುತ್ತಾ ಮಗನನ್ನು ಎತ್ತಿಕೊಂಡಳು. ನಾನು ಪುಟ್ಟಿಯ ಮುಂದೆ ಕೂತು, ಶೂಗಳನ್ನು ಅದಲುಬದಲು ಮಾಡಿ ಹಾಕಿದೆ. “ನಾಳೆ ಬಾ ಪುಟ್ಟಿ, ಬಸ್ಸು ಆಡೋಣ,” ಎಂದೆ. ಅವಳು ಅಪ್ಪನ ಭುಜದ ಹಿಂದಿನಿಂದ ಒಂದೇ ಕಣ್ಣಲ್ಲಿ ಇಣುಕಿ ನನ್ನನ್ನು ನೋಡಿದಳು.

ಎದ್ದು ಏಪ್ರನ್ ಬಿಚ್ಚಿದೆ. ಗಡಿಯಾರದಲ್ಲಿ ನಾಲ್ಕಾಗಿತ್ತು. ಆಫೀಸಿನ ಬಾಗಿಲಲ್ಲಿ ನಿಂತಿದ್ದ ಮೇಡಂ ಬಾಯಿ ತೆರೆಯುವ ಮೊದಲೇ ಏಪ್ರನ್ ಮಡಿಸಿ ಅವರ ಕೈಗಿಟ್ಟೆ.

“ಕೇಳಿಸ್ಕೊಂಡ್ರಲ್ಲ ಮೇಡಂ, ಅಧ್ಯಕ್ಷರೇ ಅಂದ್ರು, ನಾನು ಮಾಡಿದ್ದೇ ಸರಿ ಅಂತ. ನಾನು ಹೊರಟೆ. ಐದಕ್ಕೆ ಅಲ್ಲಿ ನನ್ನ ಹೆಸರು ಕರೀತಾರೆ.”