ನಲವತ್ತೊಂದನೆಯ ಹಲ್ಲು

ಐವತ್ತೊಂಬತ್ತು ದಿನಕ್ಕೊಮ್ಮೆ ಅವನು ಎಣ್ಣೆ ಬಿಡುವ ನೆಪದಲ್ಲಿ ಪುರಭವನಕ್ಕೆ ಹೋಗಿ, ತಾನೇ ಕಟ್ಟಿದ, ಸೂರ್ಯ ಚಂದ್ರ ಗ್ರಹಗಳ ನಡೆ ತೋರಿಸುವ ದೊಡ್ಡ ಗಡಿಯಾರದ ಬೆನ್ನು ತೆರೆದು, ಸಿಕ್ಕಿಕೊಂಡ ಚಂದ್ರನನ್ನು ಬೆರಳಿನಿಂದ ಒಂದಿಷ್ಟು ಮುಂದೆ ತಳ್ಳಿ ಬರುತ್ತಿದ್ದ. ಎರಡು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಈ ಸಲ ಜ್ವರ ಬಂದು ಮಲಗಿಬಿಟ್ಟ.

"ಸೂರ್ಯ ಸರಿಯಾಗಿ ಡ್ಯೂಟಿ ಮಾಡ್ತಿದಾನೆ, ಗ್ರಹಗಳೂ ಪರವಾಗಿಲ್ಲ. ನಿಮ್ಮ ಚಂದ್ರ ಮಾತ್ರ ಮೂರು ದಿನದಿಂದ ರಜೆ," ಎಂದು ಅಲ್ಲಿನ ಗುಮಾಸ್ತ ಫೋನಿನಲ್ಲಿ ನಕ್ಕ.

ಜ್ವರ ಬಿಟ್ಟ ಮೇಲೆ ಅವನು ಹೋಗಿ ಚಂದ್ರನ ಚಕ್ರ ಬಿಚ್ಚಿಕೊಂಡು ಮನೆಗೆ ಬಂದ. ಮನೆಯೆಂದರೆ ಅಕ್ಕನ ಮನೆ. ಅವನು ಯಾವ ಗುರುವಿನ ಕೈಕೆಳಗೂ ಕಲಿತವನಲ್ಲ. ಊರಿನವರ ಅಲಾರಂಗಳನ್ನು ಬಿಚ್ಚಿ, ತಿರುಗಿ ಜೋಡಿಸಲಾಗದೆ ಬೈಸಿಕೊಂಡು ಕಲಿತವನು. ಹಿಂದಿನ ಕೋಣೆಯಲ್ಲಿ ಹನ್ನೆರಡು ವರ್ಷ ಹಿತ್ತಾಳೆ ಉಜ್ಜುತ್ತ ಕೂತವನಿಗೆ ಅನ್ನ ಹಾಕಿದ್ದು ಭಾವ. ಎದೆನೋವು ಬಂದು ಬಸ್ಸಿನ ಸ್ಟೀರಿಂಗ್ ಬಿಟ್ಟ ಮೇಲೆ ಭಾವ ನಡುಮನೆಯ ಕುರ್ಚಿಯಿಂದಲೇ ದಿನಕ್ಕೆ ಹತ್ತು ಸಲ ಕೂಗುತ್ತಿದ್ದರು: "ಏನೋ ಬ್ರಹ್ಮ, ಸೃಷ್ಟಿ ಮುಗೀತಾ? ಸ್ವಲ್ಪ ಬಾರೋ ಇಲ್ಲಿ." ಹೋದರೆ ಕನ್ನಡಕ ಹುಡುಕಿಕೊಡಬೇಕು, ಅದು ಅವರ ಹಣೆಯ ಮೇಲೇ ಇರುತ್ತಿತ್ತು.

ಅಕ್ಕ ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಪುಡಿ ಹಾಕಿ ತಿಕ್ಕತೊಡಗಿದಳು. ಅವನ ಚಕ್ರಗಳನ್ನೆಲ್ಲ ಬೆಳಗುವವಳು ಅವಳೇ. ಬೆರಳು ಒಂದು ಕಡೆ ನಿಂತಿತು.

"ಇಲ್ಲೊಂದು ಹಲ್ಲು ದಪ್ಪ ಇದೆಯಲ್ಲೋ. ಎಷ್ಟನೇದಿದು?"

"ನಲವತ್ತೊಂದು."

"ನೋಡದೇನೇ ಹೇಳ್ತೀಯ."

ಭಾವ ತೀರಿಕೊಂಡ ದಿನದ ಬಗ್ಗೆ ಮನೆಗೆ ಬಂದವರಿಗೆಲ್ಲ ಅಕ್ಕ ಹೇಳುವ ಮಾತು ಒಂದೇ: "ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಆದ್ರೆ ನನ್ನ ತಮ್ಮ ಒಂದೇ ಕೂಗಿಗೆ ಓಡಿದ. ಹೋಗುವಾಗ ಅವರು ಒಬ್ಬರೇ ಇರಲಿಲ್ಲ." ಆ ಮಾತಿನ ಆಸರೆಯಲ್ಲೇ ಅವಳು ಎರಡು ವರ್ಷ ದಾಟಿದ್ದಳು. ಆ ಮಾತನ್ನು ಅವಳಿಗೆ ಕೊಟ್ಟವನು ಅವನೇ.

"ಅವತ್ತು ಇದನ್ನೇ ಕೊರೀತಿದ್ದೆ ಅಕ್ಕ," ಎಂದ. "ಭಾವ ಕರೆದಾಗ ನಲವತ್ತೊಂದರಲ್ಲಿದ್ದೆ."

ಅವನ ಬಳಿ ಹಲ್ಲು ಕೊರೆಯುವ ಯಂತ್ರವಿರಲಿಲ್ಲ. ದಿನಕ್ಕೊಂದು ಹಲ್ಲು ಸರಿಯುವ ಆ ಚಕ್ರದ ಅಂಚಿಗೆ ಐವತ್ತೊಂಬತ್ತು ಗೆರೆ ಎಳೆದ ಕಾಗದದ ಪಟ್ಟಿ ಅಂಟಿಸಿ, ಅರದಿಂದ ಒಂದೊಂದೇ ಹಲ್ಲು ಕೊರೆಯುತ್ತ ಗಟ್ಟಿಯಾಗಿ ಎಣಿಸುತ್ತಿದ್ದ. ನಡುವೆ ಎದ್ದರೆ ಕೈಯ ಹದ ಕೆಡುತ್ತದೆಂದು ಅವನ ನಂಬಿಕೆ. ಯಾರೂ ಕಲಿಸಿದ್ದಲ್ಲ, ತಾನೇ ಮಾಡಿಕೊಂಡ ಶಾಸ್ತ್ರ. ಕರೆ ಕೇಳಿ ಕೈ ಒಮ್ಮೆ ಅಳುಕಿ ಹಲ್ಲು ದಪ್ಪ ಉಳಿದಿತ್ತು. ಕನ್ನಡಕವೇ ಇರಬೇಕೆಂದು ನಲವತ್ತೆರಡಕ್ಕೆ ಹೋಗಿದ್ದ.

"ಎಷ್ಟು ಸಲ ಕರೆದ್ರು?"

"ಎರಡು ಸಲ."

"ನೀನು ಎದ್ದಿದ್ದು?"

"ಐವತ್ತೊಂಬತ್ತು ಮುಗಿಸಿ. ಅರ್ಧ ಗಂಟೆ ಆಗಿತ್ತೇನೋ. ಅಷ್ಟರಲ್ಲಿ ಅವರ ಕೈ ತಣ್ಣಗಾಗಿತ್ತು."

ಅಕ್ಕ ಚಕ್ರದ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು. "ಸರಿಮಾಡು. ನಮ್ಮನೆ ಪಾಪಕ್ಕೆ ಊರಿನ ಚಂದ್ರ ಯಾಕೆ ನಿಲ್ಲಬೇಕು," ಎಂದು ಎದ್ದುಹೋದಳು.

ಅವನು ಹಿಂದಿನ ಕೋಣೆಯಲ್ಲಿ ಚಕ್ರವನ್ನು ವೈಸಿನ ಕಬ್ಬಿಣದ ಹಿಡಿತಕ್ಕೆ ಬಿಗಿದ. ನಾಲ್ಕು ಸಲ ಅರ ಆಡಿಸಿದರೆ ಮುಗಿಯುವ ಕೆಲಸ, ಎರಡು ವರ್ಷ ಅದಕ್ಕೆ ಕೈ ಹಾಕಲಾಗಿರಲಿಲ್ಲ. ಎರಡು ಸಲ ಆಡಿಸಿದ್ದ.

"ಸ್ವಲ್ಪ ಬಾರೋ ಇಲ್ಲಿ."

ಅಕ್ಕನ ದನಿ, ನಡುಮನೆಯಿಂದ. ಅರ ಕೈಜಾರಿ ನೆಲಕ್ಕೆ ಬಿತ್ತು. ಅವನು ಓಡಿದ. ಅಕ್ಕ ಭಾವನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಏನಾಯ್ತಕ್ಕ?"

"ಏನೂ ಇಲ್ಲ." ಅವಳು ಅವನ ಪಾದಗಳನ್ನೇ ನೋಡುತ್ತಿದ್ದಳು. "ಅಲ್ಲಿಂದ ಇಲ್ಲಿಗೆ ಏಳೇ ಹೆಜ್ಜೆ ಕಣೋ. ಎಣಿಸ್ದೆ. ಹೋಗು, ಕೆಲಸ ಮುಗಿಸು."

ಅವನು ಹೋಗಲಿಲ್ಲ. ಕುರ್ಚಿಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ. ಅಕ್ಕ ಕುರ್ಚಿಯ ಬೆನ್ನು ಹಿಡಿದೇ ನಿಂತಿದ್ದಳು.