ಇಸ್ಪೀಟ್ ಜಯರಾಮಪ್ಪನ ಪೆಟ್ಟಿಗೆ

ನಮ್ಮಪ್ಪ ಜಯರಾಮಪ್ಪ ಹುಟ್ಟಿದಾಗಿನಿಂದ ಒಂದಾಟ ಇಸ್ಪೀಟು ಆಡಿದವರಲ್ಲ. ಆದರೂ ಹಿಂದೂಪುರದಲ್ಲಿ ಅವರಿಗೆ ಇಸ್ಪೀಟ್ ಜಯರಾಮಪ್ಪ ಎಂದೇ ಹೆಸರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಬೆಲ್ಲದ ಮಂಡಿಯಲ್ಲಿ ತೂಕದ ಕೆಲಸ ಅವರದು. ಲಾರಿಯವರು, ಪರಊರಿನ ವ್ಯಾಪಾರಿಗಳು ಹಳೆಯ ಚಿತ್ರದ ಇಸ್ಪೀಟೆಲೆಗಳನ್ನು ತಂದುಕೊಟ್ಟರೆ ಅಪ್ಪ ಒಂದು ಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದರು. ಉಗಿಬಂಡಿಯ ಚಿತ್ರವಿದ್ದವು, ಹೆಬ್ಬೆರಳ ಉಗುರಿನಷ್ಟು ಚಿಕ್ಕವು, ಏನೇನೋ. ಎಲ್ಲಕ್ಕೂ ಮೇಲೆ ದಶಾವತಾರದ ಗಂಜೀಫಾ ಎಂಬ ಹಳೇಕಾಲದ ಎಲೆಕಟ್ಟು. ದುಂಡನೆಯ ಎಲೆಗಳ ಮೇಲೆ ಕೈಯಲ್ಲೇ ಬರೆದ ಬಣ್ಣ, ಒಂದೊಂದು ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ. ನಾನು ಲಂಗ ಹಾಕುವಾಗ ಶುರುಮಾಡಿ, ಸೀರೆ ಉಡುವ ಹೊತ್ತಿಗೆ ಅಪ್ಪ ಒಂದೊಂದೇ ಎಲೆ ಕೂಡಿಸಿ ಆ ಕಟ್ಟನ್ನು ಪೂರ್ತಿ ಮಾಡಿದ್ದರು.

ಎಂಬತ್ನಾಲ್ಕರಲ್ಲಿ ನನಗೆ ಕಲ್ಯಾಣದುರ್ಗದ ಸಂಬಂಧ ಬಂತು. ಹುಡುಗ ಚೆನ್ನಕೇಶವ, ಪಂಪ್‌ಸೆಟ್ ಮೆಕ್ಯಾನಿಕ್. ನೋಡಿಹೋಗಿದ್ದ, ನನಗೂ ಮನಸ್ಸಾಗಿತ್ತು. ಮಾತು ಮುಗಿಸಲು ಅವನ ದೊಡ್ಡಪ್ಪ ಓಬಳೇಶಪ್ಪ ಬಸ್ಸಿಳಿದು, ಟೀ ಅಂಗಡಿಯಲ್ಲಿ ನಮ್ಮ ಮನೆ ಕೇಳಿದ್ದಾರೆ. "ಪೇಕ ಜಯರಾಮಪ್ಪನಾ? ಅದಿಗೋ, ಆ ಸಂದುಲೋ" ಅಂದಿದ್ದಾನೆ ಅಂಗಡಿಯವನು. ತೆಲುಗಿನಲ್ಲಿ ಪೇಕ ಅಂದರೆ ಇಸ್ಪೀಟು. ಮುಗಿಯಿತಲ್ಲ!

ಓಬಳೇಶಪ್ಪ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತರು. ನೀರು ಕೊಟ್ಟರೆ ಮುಟ್ಟಲಿಲ್ಲ.

"ನಮ್ಮಣ್ಣ ಎಲೆ ಹಿಡ್ದು ಮನೆ ಹಾಳ್ ಮಾಡ್ಬುಟ್ಟ. ಪೇಕಾಟದೋರ ಹೆಣ್ಣು ನಮಗೆ ಬ್ಯಾಡ."

"ಇವರು ಆಡೋರಲ್ಲ ಕಣಪ್ಪ, ಕೂಡಿಕ್ಕೋರು," ಎಂದಳು ನಮ್ಮಮ್ಮ.

"ಎಂಡ ಕುಡಿಯಲ್ಲ, ಬಾಟ್ಲಿ ಕೂಡಿಕ್ತೀನಿ ಅಂದಂಗಾಯ್ತು. ಎಲ್ಲಾ ನನ್ ಕಣ್ಣೆದುರಿಗೇ ಒಲೆಗಾಕ್ಲಿ. ಆಮ್ಯಾಕೆ ಮಾತು."

ಅಪ್ಪ ನನ್ನ ಮುಖ ನೋಡಿದರು. ಅದರಲ್ಲಿ ಅವರಿಗೇನು ಕಂಡಿತೋ, ಪೆಟ್ಟಿಗೆ ಎತ್ತಿಕೊಂಡು ಬಚ್ಚಲೊಲೆಯ ಕಡೆ ನಡೆದರು. ನನಗೆ ಸಿಟ್ಟು ಬಂತು. ಪೆಟ್ಟಿಗೆ ಕಿತ್ತುಕೊಂಡು ಹೊಸ್ತಿಲಿಗೆ ಬಂದೆ.

"ಅಪ್ಪ ಯಾಕೆ ಹಾಕ್ಬೇಕು? ತಗಳಿ ಮಾವ, ನಿಮ್ ಕೈಯಾಗೇ ಹಾಕಿ," ಎಂದು ಒಂದು ಎಲೆ ಕೊಟ್ಟೆ. ಕೈಗೆ ಸಿಕ್ಕಿದ್ದನ್ನಲ್ಲ, ಹುಡುಕಿಯೇ ಕೊಟ್ಟೆ. ಅವರ ಮನೆದೇವರು ಕದಿರಿ ನರಸಿಂಹ ಎಂದು ನನಗೆ ಗೊತ್ತಿತ್ತು.

ಅವರು ಎಲೆಯನ್ನು ಬೆಳಕಿಗೆ ಹಿಡಿದರು. ಸಿಂಹಾಸನದ ಮೇಲೆ ಕೇಸರ ಕೆದರಿಕೊಂಡು ನರಸಿಂಹ ಕೂತಿದ್ದ. ಅವರ ಕಾಲುಗಳು ತಾವಾಗಿಯೇ ಚಪ್ಪಲಿ ಬಿಟ್ಟವು. ಎಲೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಬಂದು ಕೂತರು, ನೀರು ಕುಡಿದರು. "ಇದ್ಯಾರು, ಕೂರ್ಮನಾ?" ಎಂದು ಒಂದೊಂದನ್ನೇ ಕೇಳುತ್ತ ಊಟದ ಹೊತ್ತು ಮೀರಿಸಿದರು.

ಕೊನೆಗೆ, "ಹೆಣ್ಣು ನಮ್ದೇ. ಈ ಸ್ವಾಮಿನೊಂದು ಕೊಟ್ಬುಡಿ, ದೇವ್ರ ಗೂಡ್ನಾಗೆ ಇಕ್ಕಂತೀನಿ," ಎಂದರು.

ಅಮ್ಮ ಕೊಡಿ ಎಂದು ಕಣ್ಣಲ್ಲೇ ಬೇಡಿದಳು. ಆಗಷ್ಟೇ ಇಡೀ ಪೆಟ್ಟಿಗೆ ಸುಡಲು ಹೊರಟಿದ್ದ ನಮ್ಮಪ್ಪ ಎದ್ದು, ಅವರ ಕೈಯಿಂದ ಎಲೆ ತೆಗೆದುಕೊಂಡು, ಅದರ ಜಾಗದಲ್ಲಿಟ್ಟು ಮುಚ್ಚಳ ಹಾಕಿದರು.

"ಮಗಳ್ನ ಕೊಡ್ತೀನಿ ಕಣಪ್ಪ, ಎಲೆ ಕೊಡಲ್ಲ. ಒಂದೋದ್ರೂ ಕಟ್ಟು ಮುರೀತದೆ."

ಎಲೆಗಿಂತ ಸೊಸೆ ಅಗ್ಗವಾದಳು ಎಂದು ಕಲ್ಯಾಣದುರ್ಗದಲ್ಲಿ ಇವತ್ತಿಗೂ ನನ್ನನ್ನು ಛೇಡಿಸುತ್ತಾರೆ. ಛೇಡಿಸಲಿ, ನನಗೆ ಹೆಮ್ಮೆಯೇ. ನರಸಿಂಹ ಜಯಂತಿ ಬಂತೆಂದರೆ ಓಬಳೇಶಪ್ಪ ಮಾವ ಹೂವು ಹಿಡಿದು ಹಿಂದೂಪುರದ ಬಸ್ಸು ಹತ್ತುತ್ತಾರೆ. ದಾರಿ ಚೆನ್ನಾಗಿಯೇ ಗೊತ್ತು. ಆದರೂ ಇಳಿದ ಕೂಡಲೇ ಅದೇ ಟೀ ಅಂಗಡಿಯ ಮುಂದೆ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ವಿಚಾರಿಸುತ್ತಾರೆ: "ಇಸ್ಪೀಟ್ ಜಯರಾಮಪ್ಪನ ಮನೆ ಯಾವ ಕಡೆ? ನಾವು ಅವರ ಬೀಗರು."